ನಾಟಿಂಗ್‌ಹ್ಯಾಮ್ ರ‍್ಯಾಲಿ: ಹಳೇ ಸೈಕಲ್ಲನ್ನು ಮೂಲ ಬಣ್ಣ ಕೆಡಿಸದೆ ಸರಿಮಾಡುವುದು ಹೇಗೆ?

ಕೊಕ್ಕರೆ_ಕಪ್ಪು:
ನಾಟಿಂಗ್‌ಹ್ಯಾಮ್‌ನಲ್ಲಿ ತಯಾರಾದ ರ‍್ಯಾಲಿ ರೋಡ್‌ಸ್ಟರ್, ರಾಡ್ ಬ್ರೇಕು, 28 ಇಂಚಿನ ಗಾಲಿ, ಹಿಂದೆ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ (ಗೇರುಗಳು ಒಳಗಿರುವ ಗಾಲಿಯ ನಡುಭಾಗ). ಕಪ್ಪು ಬಣ್ಣ, ಚಿನ್ನದ ಗೆರೆ ಮುಕ್ಕಾಲು ಪಾಲು ಉಳಿದಿವೆ. ಹ್ಯಾಂಡಲ್ ಮತ್ತು ಬ್ರೇಕ್ ರಾಡುಗಳ ಮೇಲೆ ತುಕ್ಕಿನ ಚುಕ್ಕೆಗಳಿವೆ. ಎಡಗಡೆ ಕಾಟರ್ ಪಿನ್ (ಕ್ರ್ಯಾಂಕನ್ನು, ಅಂದರೆ ಪೆಡಲಿನ ತೋಳನ್ನು, ಅಚ್ಚಿಗೆ ಬಿಗಿಯುವ ಬೆಣೆ) ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಎರಡನೇ ಗೇರಲ್ಲಿ ಎದ್ದು ನಿಂತು ತುಳಿದರೆ ಒಮ್ಮೊಮ್ಮೆ ಪೆಡಲು ಖಾಲಿ ಸುತ್ತುತ್ತದೆ. ಬಿ.ಬಿ. (ಬಾಟಮ್ ಬ್ರ್ಯಾಕೆಟ್, ಪೆಡಲಿನ ಅಚ್ಚು ತಿರುಗುವ ಜಾಗ) ಕಪ್ಪುಗಳು, ಅಂದರೆ ಬೇರಿಂಗ್ ಗುಂಡು ಕೂರುವ ಬಟ್ಟಲುಗಳು, ಸವೆದಿವೆ, ಮಾಮೂಲಿ ಸೈಕಲ್ ಅಂಗಡಿಯ ಕಪ್ ಹಾಕಬಹುದಾ? ಪೌಡರ್ ಕೋಟಿಂಗ್ ಮಾಡಿಸಿಬಿಡಿ ಅನ್ನುವವರೇ ಜಾಸ್ತಿ, ನನಗೆ ಮನಸ್ಸಿಲ್ಲ.

ಗಾಲಿಕಡ್ಡಿ:
ಅಂಗಡಿಯ ಕಪ್ ಸದ್ಯಕ್ಕೆ ಬೇಡ. ಸಾಮಾನ್ಯವಾಗಿ ಸಿಗುವ ಬಿ.ಎಸ್.ಎ. ಅಳತೆಯ ಕಪ್ಪಿಗೆ ಇಂಚಿಗೆ 24 ಥ್ರೆಡ್ (ತಿರುಪಿನ ಸುತ್ತು). ನಾಟಿಂಗ್‌ಹ್ಯಾಮ್ ರ‍್ಯಾಲಿಗೆ 26. ವ್ಯಾಸ ಎರಡಕ್ಕೂ 1⅜ ಇಂಚೇ ಆದ್ದರಿಂದ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಯಿತೆಂದು ಸ್ಪ್ಯಾನರ್ ಹಾಕಿ ಎಳೆದರೆ ಫ್ರೇಮಿನ ಥ್ರೆಡ್ಡೇ ಕಿತ್ತುಬರುತ್ತದೆ, ಮತ್ತೆ ಸರಿಮಾಡುವುದು ಬಹಳ ಕಷ್ಟ. ಪಿಚ್ ಗೇಜ್ (ಥ್ರೆಡ್ ಅಳೆಯುವ ಸಾಧನ) ಇಲ್ಲದಿದ್ದರೆ ಹಳೇ ಕಪ್ಪಿನ ಮೇಲೆ ಸ್ಕೇಲ್ ಇಟ್ಟು ಅರ್ಧ ಇಂಚಿಗೆ ಎಣಿಸಿ: 13 ಬಂದರೆ ರ‍್ಯಾಲಿಯದು, 12 ಬಂದರೆ ಮಾಮೂಲಿಯದು. ಬಲಗಡೆಯ ಕಪ್ ಎಡಸುತ್ತಿನದು, ಅಂದರೆ ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ, ನೆನಪಿರಲಿ. ಎಷ್ಟೋ ಸಲ ಕಪ್ ಬದಲಿಸುವ ಅಗತ್ಯವೇ ಬರುವುದಿಲ್ಲ. ಕಾಲಿಂಚಿನ ಹೊಸ ಗುಂಡು ಒಂದೊಂದು ಕಡೆಗೆ 11ರಂತೆ ಗ್ರೀಸ್‌ನಲ್ಲಿ ಕೂರಿಸಿ ನೋಡಿ. ಕಪ್ಪಿನಲ್ಲಿ ಉಗುರಿಗೆ ಸಿಗುವಂಥ ಗುಳಿ ಇದ್ದರೆ ಮಾತ್ರ 26ರ ಹಳೇ ಕಪ್ ಹುಡುಕಿ.

ಕಾಟರಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆಯನ್ನು ಎರಡೂ ಬದಿಯಿಂದ ಬಿಡಿ. ನಟ್ ಪೂರ್ತಿ ತೆಗೆಯಬೇಡಿ, ಪಿನ್ನಿನ ತುದಿಗೆ ಸಮನಾಗುವಷ್ಟು ಮಾತ್ರ ಸಡಿಲಿಸಿ, ಆಗ ಥ್ರೆಡ್ ಬಾಗುವುದಿಲ್ಲ. ಪಿನ್ನಿನ ತಲೆ ಒಳಗಿಳಿಯುವಷ್ಟು ಅಗಲದ ಕಬ್ಬಿಣದ ಪೈಪನ್ನು ನೆಲಕ್ಕೆ ಊರಿ, ಅದರ ಮೇಲೆ ಕ್ರ್ಯಾಂಕ್ ಕೂರಿಸಿ. ಈ ಆಧಾರ ಇಲ್ಲದೆ ಹೊಡೆದರೆ ಪೆಟ್ಟೆಲ್ಲ ಬೇರಿಂಗ್ ಗುಂಡುಗಳ ಮೇಲೆ ಬಿದ್ದು ಕಪ್ಪಿನಲ್ಲಿ ಗುಳಿಯಾಗುತ್ತದೆ. ಒಂದು ಕೇಜಿ ಸುತ್ತಿಗೆಯಿಂದ ನೇರವಾಗಿ ಎರಡು ಮೂರು ಗಟ್ಟಿ ಪೆಟ್ಟು ಸಾಕು. ಸಣ್ಣ ಸುತ್ತಿಗೆಯಲ್ಲಿ ಟಕಟಕ ಬಡಿದರೆ ಪಿನ್ನಿನ ತುದಿ ಅರಳಿ ಇನ್ನೂ ಬಿಗಿಯಾಗುತ್ತದೆ. ಹಾಗಾಗಿಬಿಟ್ಟರೆ ತುದಿ ಕತ್ತರಿಸಿ, ನಡುವೆ 6 ಮಿ.ಮೀ. ಡ್ರಿಲ್ ಇಳಿಸಿ. ಲೋಹ ಒಳಕ್ಕೆ ಕುಗ್ಗಿ ಪಂಚ್‌ಗೆ ಜಗ್ಗುತ್ತದೆ.

ಹೊಸ ಪಿನ್ 9.5 ಮಿ.ಮೀ. ಇರಬೇಕು. 9ರದ್ದು ಹಾಕಿದರೆ ಕೊನೆತನಕ ಒಳಗೆ ಹೋಗುತ್ತದೆ, ನಟ್ ಎಷ್ಟು ಬಿಗಿದರೂ ಕ್ರ್ಯಾಂಕ್ ಆಡುತ್ತದೆ. ಎರಡು ಪಿನ್ನುಗಳೂ ಎದುರುಬದುರು ದಿಕ್ಕಿಗೆ ಕೂರಬೇಕು. ಇಪ್ಪತ್ತು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಆಧಾರ ಕೊಟ್ಟು ಬಡಿದು, ನಟ್ ಬಿಗಿಯಿರಿ.

ಮೂರುಗೇರು:
ಹಬ್ ಬಿಚ್ಚುವ ಆತುರ ಬೇಡ. ಸ್ಟರ್ಮಿ-ಆರ್ಚರ್ ಕಂಪನಿಯ ಎ.ಡಬ್ಲ್ಯು. ಮಾದರಿಯ ಹಬ್ಬಿನಲ್ಲಿ ಎರಡು ಮತ್ತು ಮೂರನೇ ಗೇರಿನ ನಡುವೆ ಯಾವ ಗೇರೂ ಹಿಡಿಯದ ಜಾಗವೊಂದಿದೆ. ಕೇಬಲ್ ಸ್ವಲ್ಪ ಸಡಿಲವಾದರೂ ಕ್ಲಚ್ (ಗೇರು ಬದಲಿಸುವ ಒಳಭಾಗ) ಅಲ್ಲಿಗೆ ಜಾರುತ್ತದೆ, ಪೆಡಲು ಖಾಲಿ ಸುತ್ತುತ್ತದೆ. ಲಿವರನ್ನು ಎರಡಕ್ಕಿಟ್ಟು, ಬಲಗಡೆಯ ಉದ್ದ ನಟ್ಟಿನ ಕಿಂಡಿಯಲ್ಲಿ ನೋಡಿ: ಗೇರ್ ಕೇಬಲ್ಲಿನ ಸಣ್ಣ ಸರಪಳಿ ಸೇರುವ ಕಡ್ಡಿಯ ಭುಜ (ದಪ್ಪ ಭಾಗದ ಅಂಚು) ಆಕ್ಸಲ್ಲಿನ ತುದಿಗೆ ಸಮಸಮ ಇರಬೇಕು. ಒಳಗಿದ್ದರೆ ಕೇಬಲ್ ಸಡಿಲ. ಸರಿಮಾಡಿದ ಮೇಲೂ ಮತ್ತೆ ಮತ್ತೆ ಸಡಿಲವಾಗುತ್ತಿದ್ದರೆ, ಫ್ರೇಮಿನ ಕೊಳವೆಗೆ ಕೇಬಲ್ಲನ್ನು ಹಿಡಿದಿಡುವ ಕ್ಲಿಪ್ ಜರುಗುತ್ತಿದೆ ಎಂದರ್ಥ. ಅದರ ಕೆಳಗೆ ಹಳೇ ಟ್ಯೂಬಿನ ತುಂಡು ಸುತ್ತಿ ಬಿಗಿಯಿರಿ, ಬಣ್ಣವೂ ಉಳಿಯುತ್ತದೆ. ಇದು ಸರಿಯಾಗುವ ತನಕ ಎದ್ದು ನಿಂತು ತುಳಿಯಬೇಡಿ, ಮುಗ್ಗರಿಸಿ ಹ್ಯಾಂಡಲ್ ಮೇಲೆ ಬೀಳುತ್ತೀರಿ.

ಬಹಳ ದಿನ ನಿಂತ ಹಬ್ಬಿಗೆ ಹೊಲಿಗೆಯಂತ್ರದ ಎಣ್ಣೆಯಷ್ಟೇ ಹಾಕಿದರೆ ಸಾಲದು. ಮೊದಲು ಸೀಮೆಎಣ್ಣೆ ಬಿಟ್ಟು ಗಾಲಿ ತಿರುಗಿಸಿ, ಒಳಗಿನ ಹಳೇ ಅಂಟು ಕರಗಿಸಿ ಹರಿಸಿಬಿಡಿ. ಆಮೇಲೆ ಒಂದು ಚಮಚದಷ್ಟು 20 ಗ್ರೇಡಿನ ಎಣ್ಣೆ. ಒಳಗಿನ ಗೇರು ಚಕ್ರಗಳಿಗೆ ಗ್ರೀಸ್ ಬೇಡ, ಹಲ್ಲಿಗೆ ಸಿಕ್ಕಿಕೊಳ್ಳುವ ಸಣ್ಣ ಕೊಕ್ಕೆಗಳಾದ ಪಾಲ್‌ಗಳು ಅಂಟಿಕೊಂಡು ಎದ್ದೇಳುವುದಿಲ್ಲ. ಅಂದಹಾಗೆ ಹಬ್ಬಿನ ಮೇಲಿನ ಅಕ್ಷರ ಏನಿದೆ? ಎಸ್.ಡಬ್ಲ್ಯು. ಅಂತಿದ್ದರೆ ಕಥೆಯೇ ಬೇರೆ. 1950ರ ದಶಕದ ನಡುವೆ ಕೆಲವೇ ವರ್ಷ ಬಂದ ಹಬ್ ಅದು, ಜಾರುವುದು ಅದರ ಹುಟ್ಟುಗುಣ.

ಹಳೇಬಣ್ಣ:
ಪೌಡರ್ ಕೋಟಿಂಗ್ ಖಂಡಿತ ಬೇಡ. ಗೆರೆ, ಟ್ರಾನ್ಸ್‌ಫರ್ (ಅಂಟಿಸಿದ ಹೆಸರು, ಚಿತ್ರ) ಎಲ್ಲ ಹೋಗುತ್ತದೆ, ದಪ್ಪ ಲೇಪದಡಿ ಫ್ರೇಮ್ ನಂಬರೂ ಮುಚ್ಚಿಹೋಗುತ್ತದೆ. ಒಮ್ಮೆ ಕೆರೆದು ತೆಗೆದ ಮೂಲ ಬಣ್ಣ ಯಾವ ದುಡ್ಡಿಗೂ ವಾಪಸ್ ಬರುವುದಿಲ್ಲ. ಬರೀ ಸೋಪುನೀರು, ಮೆತ್ತನೆ ಬಟ್ಟೆ, ಕೊನೆಗೆ ಮೇಣ. ಚಿನ್ನದ ಗೆರೆಯ ಮೇಲೆ ಪಾಲಿಶ್ ಉಜ್ಜಬೇಡಿ, ಬಟ್ಟೆಗೆ ಹಳದಿ ಹತ್ತಿತೆಂದರೆ ಗೆರೆ ಹೋಯಿತು.

ಬಿಚ್ಚಿದ ಕ್ರೋಮ್ ಭಾಗಗಳಿಗೆ ಆಕ್ಸಾಲಿಕ್ ಆಮ್ಲದ ಪುಡಿ ತನ್ನಿ, ಮಾರ್ಬಲ್ ಪಾಲಿಶ್ ಸಾಮಾನು ಮಾರುವಲ್ಲಿ ಸಿಗುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಲೀಟರಿಗೆ 25 ಗ್ರಾಂ ಬೆರೆಸಿ ಮುಳುಗಿಸಿ, ನಾಲ್ಕೈದು ಗಂಟೆಗೊಮ್ಮೆ ತೆಗೆದು ನೋಡಿ. ಜಾಸ್ತಿ ಹೊತ್ತು ಬಿಟ್ಟರೆ ಹಳದಿ ಪದರ ಕೂರುತ್ತದೆ. ತೊಳೆದು, ಅಡುಗೆ ಸೋಡಾ ನೀರಲ್ಲಿ ಅದ್ದಿ, ತಕ್ಷಣ ಒಣಗಿಸಿ ಎಣ್ಣೆ ಸವರಿ. ಕೈಗವಸು ಬೇಕೇ ಬೇಕು, ಅದು ವಿಷ. ಅಲ್ಯೂಮಿನಿಯಂ ಭಾಗ ಹಾಕಬೇಡಿ. ಟಾಯ್ಲೆಟ್ ಕ್ಲೀನರ್ ಸುರಿಯುವವರಿದ್ದಾರೆ, ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ, ಕ್ರೋಮನ್ನೇ ತಿನ್ನುತ್ತದೆ.

ಚರ್ಮದ ಸೀಟಿದ್ದರೆ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಚರ್ಮ ಮೆತ್ತಗಾಗಿ ಜೋತುಬೀಳುತ್ತದೆ.

ರಾಡ್‌ಬ್ರೇಕ್:
ಬ್ರೇಕಿನ ಬಗ್ಗೆ ಒಂದು ಮಾತು. ಇದರಲ್ಲಿ ಬ್ರೇಕಿನ ರಬ್ಬರ್ ಗಟ್ಟಿಗಳು ರಿಮ್ಮಿನ ಬದಿಗಲ್ಲ, ಹಬ್ಬಿನ ಕಡೆಯ ಮೈಗೆ ಒತ್ತುತ್ತವೆ. ಹಾಗಾಗಿ ಗಾಲಿ ಅಡ್ಡಕ್ಕೆ ಅಲ್ಪಸ್ವಲ್ಪ ಆಡಿದರೂ ನಡೆಯುತ್ತದೆ, ಮೇಲೆ ಕೆಳಗೆ ಏರಿಳಿದರೆ ಬ್ರೇಕ್ ಬಡಿದುಕೊಳ್ಳುತ್ತದೆ. ಕಡ್ಡಿ ಬಿಗಿಯುವವರಿಗೆ ಇದನ್ನು ಮೊದಲೇ ಹೇಳಿ. ರಬ್ಬರ್ ಕೂರಿಸುವ ಹಿಡಿಯ ಮುಚ್ಚಿದ ಬದಿ ಗಾಲಿ ತಿರುಗುವ ದಿಕ್ಕಿಗಿರಲಿ, ಇಲ್ಲವಾದರೆ ಬ್ರೇಕ್ ಹಿಡಿದಾಗ ರಬ್ಬರ್ ಜಾರಿ ಹೊರಬರುತ್ತದೆ. ಟೈರಿಗೆ ಚಿಂತೆಯಿಲ್ಲ, 28 × 1½ ಈಗಲೂ ಸಿಗುತ್ತದೆ.

ಕೊಕ್ಕರೆ_ಕಪ್ಪು:
ಅರ್ಧ ಇಂಚಿಗೆ 13 ಥ್ರೆಡ್. ಕ್ಲಿಪ್ಪೇ ಜರುಗಿತ್ತು. ಹಬ್ಬಿನ ಮೇಲೆ ಎ.ಡಬ್ಲ್ಯು., ಪಕ್ಕದಲ್ಲಿ 52, 7 ಅಂತಿದೆ. 1952ರ ಸೈಕಲ್ ಅನ್ನಬಹುದಾ?

ಮೂರುಗೇರು:
ಹಬ್ 1952ರ ಜುಲೈಯದು, ಅಷ್ಟು ಖಚಿತ. ಹಿಂದಿನ ಗಾಲಿ ಬದಲಾಗಿರಲೂಬಹುದು, ಹಾಗಾಗಿ ಸೀಟಿನ ಕೊಳವೆ ಸೇರುವ ಲಗ್ಗಿನ (ಕೊಳವೆಗಳನ್ನು ಕೂಡಿಸುವ ಲೋಹದ ಬೆಸುಗೆ ತುಂಡು) ಹಿಂಭಾಗ ಒರೆಸಿ ಫ್ರೇಮ್ ನಂಬರ್ ಬರೆದುಕೊಳ್ಳಿ. ಹಿಂದಿನ ರಿಮ್ಮಿಗೆ 40 ಕಡ್ಡಿ, ಮುಂದಿನದಕ್ಕೆ 32 ಇದೆಯೇ ಎಣಿಸಿ. ಎರಡಕ್ಕೂ 36 ಇದ್ದರೆ ಗಾಲಿ ಆಮೇಲೆ ಕಟ್ಟಿದ್ದು ಎಂಬ ಅನುಮಾನ ಬಲವಾಗುತ್ತದೆ.