ನೀರು ಸರಿಯಿದ್ದರೂ ಹವಳದ ಮಾಂಸ ಕಳಚುತ್ತಿದೆ, ನಿಮಗೂ ಹೀಗಾಗಿತ್ತೇ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ನನ್ನದು ಹವಳ ಸಾಕುವ ಉಪ್ಪುನೀರಿನ ಟ್ಯಾಂಕ್, ಎರಡು ವರ್ಷದ್ದು. ಮೂರು ವಾರದಿಂದ ಅಕ್ರೊಪೊರಾಗಳು (ಕೊಂಬೆಯಂತೆ ಕವಲೊಡೆಯುವ ಗಟ್ಟಿ ಹವಳಗಳು) ಬುಡದಿಂದ ಬಿಳಿಯಾಗುತ್ತಾ ಬರುತ್ತಿವೆ. ಮೊದಲು ಒಂದಕ್ಕೆ ಬಂತು, ಈಗ ನಾಲ್ಕಕ್ಕೆ. ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಭಾಗ), ಅಲ್ಕಲಿನಿಟಿ (ನೀರಿನ ಕ್ಷಾರೀಯತೆ, ಅಳತೆ ಡಿಕೆಎಚ್‌ನಲ್ಲಿ) 8.2, ಕ್ಯಾಲ್ಸಿಯಂ 430, ನೈಟ್ರೇಟ್ 5, ಫಾಸ್ಫೇಟ್ 0.05, ಉಷ್ಣತೆ 25.5. ಮೀನುಗಳು, ಮೆತ್ತನೆ ಹವಳಗಳು ಚೆನ್ನಾಗಿವೆ. ಫ್ಲೋರಿಡಾದ ಹವಳಗಳಿಗೆ ಬಂದ ರೋಗವೇ ಇದಾಗಿರಬಹುದೇ ಎಂದು ಭಯವಾಗಿದೆ. ಎಲ್ಲಿಂದ ಹುಡುಕಲಿ?

ಉತ್ತರ 1
ಆ ಭಯ ಬಿಡಿ. 2014ರಲ್ಲಿ ಫ್ಲೋರಿಡಾ ಕಡಲಲ್ಲಿ ಕಾಣಿಸಿಕೊಂಡ ರೋಗ ಮಿದುಳು ಹವಳ, ಕಂಬ ಹವಳದಂಥ ಇಪ್ಪತ್ತಕ್ಕೂ ಹೆಚ್ಚು ಜಾತಿಗಳಿಗೆ ತಗಲಿತು. ಅಲ್ಲಿನ ಅಕ್ರೊಪೊರಾಗಳಿಗೆ ತಗಲಲಿಲ್ಲ.

ಬಿಳಿಯಾದ ಜಾಗವನ್ನು ಭೂತಗನ್ನಡಿ ಹಿಡಿದು ನೋಡಿ. ಅಲ್ಲಿ ಪಾಲಿಪ್ (ಹವಳದ ಪುಟ್ಟ ಜೀವಿ) ಇನ್ನೂ ಕಾಣುತ್ತಿದ್ದರೆ ಅದು ಬ್ಲೀಚಿಂಗ್, ಅಂದರೆ ಬಣ್ಣ ಮಾತ್ರ ಹೋಗಿದೆ. ಹವಳ ಬದುಕಿದೆ, ಕಾರಣವನ್ನು ಬೆಳಕಿನಲ್ಲಿ ಅಥವಾ ಬಿಸಿಯಲ್ಲಿ ಹುಡುಕಬೇಕು. ಬರೀ ಸುಣ್ಣದ ಎಲುಬು ಉಳಿದು, ಕೆಲವೇ ದಿನದಲ್ಲಿ ಅದರ ಮೇಲೆ ಪಾಚಿ ಹಿಡಿದರೆ ಮಾಂಸವೇ ಹೋಗಿದೆ ಎಂದರ್ಥ.

ಉತ್ತರ 2
ನನ್ನಲ್ಲೂ ಬುಡದಿಂದಲೇ ಶುರುವಾಗಿತ್ತು. ಐದು ತಿಂಗಳು ನೀರನ್ನೇ ದೂರುತ್ತಾ ಕುಳಿತೆ, ಅಷ್ಟರಲ್ಲಿ ಹನ್ನೊಂದು ಹವಳ ಹೋದವು. ಕೊನೆಗೆ ಸಿಕ್ಕಿದ್ದು ಅಕ್ರೊಪೊರಾ ತಿನ್ನುವ ಚಪ್ಪಟೆಹುಳು. ತಿಂದ ಹವಳದ ಬಣ್ಣವೇ ಅದರ ಮೈಗೂ ಬರುವುದರಿಂದ ಕಣ್ಣೆದುರೇ ಅಂಟಿಕೊಂಡಿದ್ದರೂ ಕಾಣುವುದಿಲ್ಲ. ಹುಳು ಸಿಗದಿದ್ದರೆ ಅದು ಬಿಟ್ಟುಹೋದ ಗುರುತು ನೋಡಿ: ಹವಳದ ಬಣ್ಣ ಮಂಕಾಗಿರುತ್ತದೆ, ನೆರಳಿನ ಬದಿಯಲ್ಲಿ ಚಿಕ್ಕ ಚಿಕ್ಕ ದುಂಡನೆ ಕಲೆಗಳಿರುತ್ತವೆ.

ಒಂದು ಹವಳವನ್ನು ಹೊರತೆಗೆದು, ಟ್ಯಾಂಕಿನದೇ ನೀರು ತುಂಬಿದ ಬಿಳಿ ಪಾತ್ರೆಯಲ್ಲಿಟ್ಟು, ದೊಡ್ಡ ಪಿಪೆಟ್‌ನಿಂದ ಬುಡಕ್ಕೆ ಜೋರಾಗಿ ನೀರು ಊದಿ. ಪಾತ್ರೆಯ ತಳದಲ್ಲಿ ಏನು ಬಿದ್ದಿದೆ ನೋಡಿ. ಆಮೇಲೆ ಮಾಂಸ ಮುಗಿದು ಎಲುಬು ಶುರುವಾಗುವ ಅಂಚನ್ನು ಪರೀಕ್ಷಿಸಿ. ಕಂದು ಬಣ್ಣದ ಚುಕ್ಕೆಗಳು ಗುಂಪಾಗಿ ಅಂಟಿದ್ದರೆ ಅವು ಮೊಟ್ಟೆಗಳು.

ನಾನು ಎಡವಿದ್ದು ಇಲ್ಲಿ. ಡಿಪ್ ಮಾಡಿದರೆ, ಅಂದರೆ ಹವಳವನ್ನು ಔಷಧಿ ಬೆರೆಸಿದ ನೀರಿನಲ್ಲಿ ಅದ್ದಿದರೆ, ಹುಳು ಉದುರುತ್ತದೆ, ಮೊಟ್ಟೆ ಸಾಯುವುದಿಲ್ಲ. ಎರಡು ಸಲ ಡಿಪ್ ಮಾಡಿ ಗೆದ್ದೆ ಅಂದುಕೊಂಡೆ, ತಿಂಗಳೊಳಗೆ ಮತ್ತೆ ಅದೇ ಕಥೆ. ಎರಡನೇ ಸುತ್ತಿನಲ್ಲಿ ಮೊಟ್ಟೆಗಳನ್ನು ಕೆರೆದು ತೆಗೆದು, ಬುಡದ ಸತ್ತ ಭಾಗವನ್ನೇ ಕತ್ತರಿಸಿ ಹಾಕಿ, ವಾರಕ್ಕೊಮ್ಮೆಯಂತೆ ಎಂಟು ವಾರ ಡಿಪ್ ಮಾಡಿದೆ. ಆಗ ನಿಂತಿತು.

ಉತ್ತರ 3
ಹುಳು ಹುಡುಕಿ, ಆದರೆ ಆ ಸಂಖ್ಯೆಗಳನ್ನೂ ಸುಮ್ಮನೆ ನಂಬಬೇಡಿ. ಉಪ್ಪು ಅಳೆಯುವ ನನ್ನ ರಿಫ್ರಾಕ್ಟೋಮೀಟರ್ ಶುದ್ಧ ನೀರಿಗೆ ಸರಿಯಾಗಿ ಸೊನ್ನೆ ತೋರಿಸುತ್ತಿತ್ತು. ಪರೀಕ್ಷೆಗೆಂದೇ ಇರುವ 35 ಪಿಪಿಟಿಯ ದ್ರಾವಣ ಹಾಕಿದಾಗ 39 ಅಂದಿತು! ಅಂದರೆ ನನ್ನ ಹವಳಗಳು ಅಷ್ಟು ದಿನವೂ 31ರ ಆಸುಪಾಸಿನಲ್ಲಿ ಒದ್ದಾಡುತ್ತಿದ್ದವು. ಗೊತ್ತಾದ ಮೇಲೂ ಒಂದೇ ದಿನ ಏರಿಸಲಿಲ್ಲ, ಒಂದು ವಾರ ತೆಗೆದುಕೊಂಡೆ.

ಅಲ್ಕಲಿನಿಟಿ 8.2 ಬಂದದ್ದು ಯಾವ ಹೊತ್ತಿನಲ್ಲಿ? ಮೂರು ದಿನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಳೆದು ಬರೆದಿಡಿ. 7ರಲ್ಲಿ ನಿಂತರೂ 9ರಲ್ಲಿ ನಿಂತರೂ ಅಕ್ರೊಪೊರಾ ಬದುಕುತ್ತದೆ, ಎರಡರ ನಡುವೆ ಜೀಕುತ್ತಿದ್ದರೆ ಬದುಕುವುದಿಲ್ಲ. ಇನ್ನೊಂದು ಗಮನಿಸಿದ್ದೇನೆ: ಅಲ್ಕಲಿನಿಟಿ ಹೆಚ್ಚಿದ್ದು ನೈಟ್ರೇಟ್, ಫಾಸ್ಫೇಟ್ ಸೊನ್ನೆಗೆ ಹತ್ತಿರವಿದ್ದರೆ ಮೊದಲು ಸುಡುವುದು ತುದಿ. ನಿಮ್ಮಲ್ಲಿ ತುದಿ ಚೆನ್ನಾಗಿದೆ, ಹಾಗಾಗಿ ನನಗೂ ಹುಳುವಿನ ಮೇಲೇ ಹೆಚ್ಚು ಅನುಮಾನ.

ದಯವಿಟ್ಟು ಬೆಳಕು, ಉಪ್ಪಿನ ಬ್ರ್ಯಾಂಡ್, ಡೋಸಿಂಗ್ (ನೀರಿಗೆ ಹಾಕುವ ಕ್ಯಾಲ್ಸಿಯಂ ಮುಂತಾದವುಗಳ ಪ್ರಮಾಣ) ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಆಮೇಲೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಉತ್ತರ 4
ಪಂಪಿನ ಅಯಸ್ಕಾಂತ, ಹೀಟರ್, ಕ್ಲಿಪ್ಪು ಎಲ್ಲಾದರೂ ತುಕ್ಕು ಇದೆಯೇ ನೋಡಿ. ನನ್ನಲ್ಲಿ ಕಾರಣ ಒಡೆದ ಅಯಸ್ಕಾಂತ. ಬಸವನಹುಳುಗಳೂ ಸಾಯುತ್ತಿದ್ದರೆ ನೀರನ್ನು ಐಸಿಪಿ ಎಂಬ ಲ್ಯಾಬ್ ಪರೀಕ್ಷೆಗೆ ಕಳಿಸಿ, ಲೋಹ ಬೆರೆತಿದ್ದರೆ ಅದರಲ್ಲಿ ತಿಳಿಯುತ್ತದೆ.

ಒಂದೇ ರಾತ್ರಿಯಲ್ಲಿ ಮಾಂಸ ಪದರ ಪದರವಾಗಿ ಏಳತೊಡಗಿದರೆ ಮಾತ್ರ ಕಾರಣ ಹುಡುಕುತ್ತಾ ಕೂರಬೇಡಿ. ಬಿಳಿ ಗೆರೆಯಿಂದ ಒಂದೆರಡು ಸೆಂಟಿಮೀಟರ್ ಮೇಲೆ ಕತ್ತರಿಸಿ, ಚೆನ್ನಾಗಿರುವ ತುದಿಗಳನ್ನಾದರೂ ಉಳಿಸಿಕೊಳ್ಳಿ.

ಪ್ರಶ್ನೆ ಕೇಳಿದವರು, ಎರಡು ದಿನದ ನಂತರ
ಎಲ್ಲರಿಗೂ ಕೃತಜ್ಞತೆಗಳು. ರಿಫ್ರಾಕ್ಟೋಮೀಟರ್ ಸರಿಯಿದೆ. ಅಲ್ಕಲಿನಿಟಿ 8.0ರಿಂದ 8.3ರೊಳಗೇ ಇದೆ. ಎಲ್ಲೂ ತುಕ್ಕಿಲ್ಲ. ಮೊದಲ ಹವಳಕ್ಕೆ ಊದಿದಾಗ ಏನೂ ಬೀಳಲಿಲ್ಲ. ಎರಡನೆಯದಕ್ಕೆ ಊದಿದಾಗ ತಳದಲ್ಲಿ ಬಿದ್ದ ಚೂರೊಂದು ಮೆಲ್ಲಗೆ ಮೈ ಮಡಚಿತು. ಬುಡದಲ್ಲಿ ಎರಡು ಕಡೆ ಕಂದು ಚುಕ್ಕೆಗಳಿದ್ದವು. ಎರಡು ತಿಂಗಳ ಹಿಂದೆ ತಂದ ಹವಳವನ್ನು ಡಿಪ್ ಮಾಡದೆ ಟ್ಯಾಂಕಿಗೆ ಬಿಟ್ಟಿದ್ದೆ, ಈ ಎರಡನೆಯದೇ ಅದು. ಇವತ್ತು ನಾಲ್ಕನ್ನೂ ಕೆರೆದು ಮೊದಲ ಡಿಪ್ ಮಾಡಿದೆ, ಇನ್ನು ಏಳು ವಾರ ಬಾಕಿ.