ಕಾಲೇಜು ಊರಲ್ಲಿ ಬೈಂಡಿಂಗ್ ಅಂಗಡಿ: ರಜೆಯಲ್ಲಿ ಏನು ಮಾಡೋದು?

ಗೋಂದುಕೈ:
ಊರು ಚಿಕ್ಕದು, ಕಾಲೇಜು ದೊಡ್ಡದು. ಗೇಟಿನ ಎದುರು ಜೆರಾಕ್ಸ್, ಪ್ರಿಂಟ್, ಬೈಂಡಿಂಗ್ ಅಂಗಡಿ ಇಟ್ಟು 2 ವರ್ಷ ಆಯಿತು. ಪ್ರಾಜೆಕ್ಟ್ ರಿಪೋರ್ಟ್ ಒಪ್ಪಿಸುವ ವಾರ ನನಗೆ ನಿದ್ದೆಯೇ ಇಲ್ಲ. ಈ ಸಲ ಕೊನೇ ದಿನ ಒಬ್ಬ ಹುಡುಗ ವರ್ಡ್ ಫೈಲ್ ತಂದ. ಅವನ ಫಾಂಟ್ ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. 90 ಪುಟ ಇದ್ದದ್ದು 98 ಆಯಿತು, ಪರಿವಿಡಿಯ ಪುಟ ಸಂಖ್ಯೆ ಒಂದೂ ತಾಳೆಯಾಗಲಿಲ್ಲ. ನಾನೂ ನೋಡದೆ 5 ಪ್ರತಿಗೂ ರಟ್ಟು ಅಂಟಿಸಿಬಿಟ್ಟಿದ್ದೆ. ಹುಡುಗ ಅಳುವುದೊಂದು ಬಾಕಿ. ಎಲ್ಲ ಬಿಚ್ಚಿ ಹೊಸದಾಗಿ ಮಾಡಿಕೊಟ್ಟೆ. ಈಗ ಪಿಡಿಎಫ್ ಇಲ್ಲದೆ ಮುಟ್ಟುವುದಿಲ್ಲ.

ಅದಿರಲಿ. ಪರೀಕ್ಷೆ ಮುಗಿದ ಮರುದಿನ ರಸ್ತೆಯಲ್ಲಿ ನಾಯಿ ಬಿಟ್ಟರೆ ಯಾರೂ ಇಲ್ಲ. ಎರಡು ತಿಂಗಳು ಹೀಗೇ. ಬಾಡಿಗೆಗೆ ಮಾತ್ರ ರಜೆ ಇಲ್ಲ ನೋಡಿ. ಸಹಾಯಕ್ಕೆ ಒಬ್ಬ ಹುಡುಗ ಇದ್ದಾನೆ, ಕೈ ಚುರುಕು. ಅವನನ್ನು ಇಟ್ಟುಕೊಳ್ಳಲಾ, ಸದ್ಯಕ್ಕೆ ಬಿಡಿಸಲಾ?

ಹಳೇ ಬೈಂಡರ್:
ಬಿಡಿಸಬೇಡಿ. ಕೆಲಸ ಕಲಿತವನು ಬೇರೆ ಕಡೆ ಸೇರಿದರೆ ವಾಪಸ್ ಬರಲ್ಲ. ಮುಂದಿನ ಸಬ್‌ಮಿಷನ್ ವಾರ ಒಬ್ಬರೇ ಒದ್ದಾಡುತ್ತೀರಿ.
ಲೈಬ್ರರಿಗೆ ಹೋಗಿ ಕೇಳಿದ್ದೀರಾ? ಹರಿದ ಪುಸ್ತಕ, ವರ್ಷದ ಪತ್ರಿಕೆಗಳ ಕಟ್ಟು, ಇವೆಲ್ಲ ಓದುವವರು ಇಲ್ಲದಾಗಲೇ ಹೊರಗೆ ಬರೋದು. ಆದರೆ ಅದು ರಿಪೋರ್ಟ್ ಬೈಂಡಿಂಗ್ ಅಲ್ಲ, ಹೊಲಿಗೆ ಬರಬೇಕು. ರಟ್ಟಿನ ಎಳೆ, ಅಂದರೆ ಒಳಗಿನ ನಾರು ಸಾಗುವ ದಿಕ್ಕು, ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಅಡ್ಡ ಹಾಕಿದರೆ ಒಣಗುವಾಗ ಸೊಟ್ಟಗಾಗುತ್ತದೆ. ಕತ್ತರಿಸುವ ಮೊದಲು ರಟ್ಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಬಗ್ಗಿಸಿ ನೋಡಿ. ಸಲೀಸಾಗಿ ಸುರುಳಿಯಾಗುವ ಹಾಗೆ ಹಿಡಿದಾಗ ಎಳೆ ಆ ಸುರುಳಿಯ ಉದ್ದಕ್ಕೆ ಇರುತ್ತದೆ. ನಾನು ಇದನ್ನು ಕಲಿತದ್ದು ಒಂದು ಕಪಾಟು ಪುಸ್ತಕ ಹಾಳು ಮಾಡಿದ ಮೇಲೆ.

ಲ್ಯಾಬ್ ಅಟೆಂಡರ್:
ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಮ್ಮಲ್ಲೂ ಇಂಥದ್ದೇ ಒಂದು ಅಂಗಡಿ ಇದೆ. ಸಬ್‌ಮಿಷನ್ ವಾರದಲ್ಲಿ ಅಮ್ಮ ಪಿಂಚಣಿಯ ಒಂದೇ ಒಂದು ಕಾಗದ ಹಿಡಿದು ಹೋಗಿದ್ದರು. ‘ನಾಳೆ ಬನ್ನಿ ಅಮ್ಮ’ ಅಂದರಂತೆ, ಎರಡು ಸಲ. ಆಮೇಲೆ ಅಮ್ಮ ಆ ಕಡೆ ತಲೆ ಹಾಕಿಲ್ಲ. ಈಗ ರಜೆಯಲ್ಲಿ ಆತ ‘ಊರವರು ಬರೋದೇ ಇಲ್ಲ’ ಅಂತಾನೆ! ಹುಡುಗರು 3–4 ವರ್ಷಕ್ಕೆ ಹೊರಟುಹೋಗ್ತಾರೆ. ಆಫೀಸಿನ ಗುಮಾಸ್ತರು, ನಾವು, ಊರಿನವರು ಇಲ್ಲೇ ಇರ್ತೀವಿ.

ಇತಿಹಾಸದ ಮೇಷ್ಟ್ರು:
ಸುಮ್ನೆ ಒಂದು ವಿಷಯ. 1209ರಲ್ಲಿ ಆಕ್ಸ್‌ಫರ್ಡ್ ಊರಿನವರಿಗೂ ಓದುವವರಿಗೂ ಜಗಳ ಹತ್ತಿ, ಒಂದಷ್ಟು ಜನ ಊರು ಬಿಟ್ಟು ಕೇಂಬ್ರಿಡ್ಜ್ ಸೇರಿದರು. ಅಲ್ಲಿಯ ವಿಶ್ವವಿದ್ಯಾಲಯ ಶುರುವಾದದ್ದೇ ಹಾಗೆ. ನಿಮ್ಮ ಗಿರಾಕಿಗಳು ಎರಡು ತಿಂಗಳಿಗೆ ವಾಪಸ್ ಬರ್ತಾರಲ್ಲ, ಪುಣ್ಯ.

ಗೋಂದುಕೈ:
ಮೇಷ್ಟ್ರೇ, ನಗು ಬಂತು. ಅಟೆಂಡರ್ ಅಣ್ಣಾ, ‘ನಾಳೆ ಬನ್ನಿ’ ನಾನೂ ಅಂದಿದ್ದೀನಿ, ಸುಳ್ಳು ಹೇಳಲ್ಲ. ಒಂದು ಮೆಷಿನ್ ಬಾಗಿಲ ಹತ್ತಿರ ಇಟ್ಟು ಒಂದೆರಡು ಹಾಳೆಯವರಿಗೇ ಬಿಡ್ತೀನಿ.
ಲೈಬ್ರರಿಯಲ್ಲಿ ಕೇಳಿದೆ. ನಮ್ಮ ಕೆಲಸ ಹೇಗಿದೆ ನೋಡೋಣ ಅಂತ 12 ಪುಸ್ತಕ ಕೊಟ್ಟಿದ್ದಾರೆ. ಹುಡುಗ ಬೆಳಗ್ಗೆಯಿಂದ ಅಂಗಡಿಯಲ್ಲಿರುವ ರಟ್ಟನ್ನೆಲ್ಲ ಬಗ್ಗಿಸಿ ನೋಡುತ್ತಾ ಕೂತಿದ್ದಾನೆ. ಇಷ್ಟು ದಿನ ಅರ್ಧಕ್ಕರ್ಧ ಅಡ್ಡವೇ ಹಾಕಿದ್ದೆವಂತೆ.