‘ಹ್ಯೂಬ್ರಿಸ್’ಗೆ ‘ಅಹಂಕಾರ’ ಸಾಕೇ, ‘ಸೊಕ್ಕು’ ಆಗಬಹುದೇ?

ಮಾನ್ಯರೇ,

ತುಮಕೂರಿನಲ್ಲಿ ಗ್ರೀಕ್ ನಾಟಕಗಳನ್ನು ಕನ್ನಡದಲ್ಲಿ ಓದುವ ನಮ್ಮ ಸಣ್ಣ ಬಳಗದಲ್ಲಿ ‘ಹ್ಯೂಬ್ರಿಸ್’ ಎಂಬ ಇಂಗ್ಲಿಷ್ ಪದದ ಅರ್ಥ ಕುರಿತು ಚರ್ಚೆ ನಡೆಯುತ್ತಿದೆ. ‘ಅಹಂಕಾರ’, ‘ದುರಹಂಕಾರ’ ಎಂಬ ರೂಢಿಯ ಅನುವಾದಗಳು ಅದಕ್ಕೆ ಒಪ್ಪುವುದಿಲ್ಲ, ‘ಸೊಕ್ಕು’ ಎಂಬುದೇ ತಕ್ಕ ಮಾತು ಎಂದು ನನಗೆ ತೋರಿರುವುದರಿಂದ ಕಾರಣಗಳನ್ನು ತಮ್ಮ ಮುಂದಿಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಈ ಪದ ಬಹಳ ಹಳೆಯದಲ್ಲ. ಹೇಳುವವರು ಕೇಳುವವರು ಇಲ್ಲದೆ ಬೆಳೆದ ದೊಡ್ಡ ಮನೆತನದ ಹುಡುಗರಲ್ಲಿ ಕಾಣುವ ಉದ್ಧಟತನಕ್ಕೆ ವಿದ್ಯಾವಂತರ ಆಡುಮಾತಿನಲ್ಲಿ ಹೀಗೆನ್ನುತ್ತಾರೆಂದು 1884ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಬರೆದದ್ದೇ ನಿಘಂಟು ಕೊಡುವ ಮೊದಲ ಪ್ರಯೋಗ. (ಗ್ರೀಕ್ ನಾಟಕಗಳನ್ನು ಕನ್ನಡಕ್ಕೆ ತಂದ ಬಿ.ಎಂ.ಶ್ರೀ. ಅವರು ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ್ದೂ ಅದೇ ವರ್ಷ.) ಮಿತಿ ಮೀರಿ ಕೊನೆಗೆ ಪತನಕ್ಕೆ ಒಯ್ಯುವ ಗರ್ವ ಎಂಬುದು ಅದರ ಇಂದಿನ ಅರ್ಥ.

ಮೂಲ ಗ್ರೀಕಿನಲ್ಲಿ ‘ಹುಬ್ರಿಸ್’ ಎಂದರೆ ಮನಸ್ಸಿನ ಭಾವಕ್ಕಿಂತ ಹೆಚ್ಚಾಗಿ ಒಂದು ಕೃತ್ಯ. ಅಥೆನ್ಸಿನಲ್ಲಿ ಅದು ಕಾನೂನಿನ ಪ್ರಕಾರ ಅಪರಾಧವಾಗಿತ್ತು. ಗುಲಾಮರ ಮೇಲೆ ನಡೆದರೂ ಅಪರಾಧವೇ, ಮತ್ತು ನೊಂದವನೇ ಬರಬೇಕೆಂದಿಲ್ಲದೆ ಯಾವ ನಾಗರಿಕನಾದರೂ ದಾವೆ ಹೂಡಬಹುದಾಗಿತ್ತು. ತನಗೆ ಲಾಭವಿಲ್ಲದಿದ್ದರೂ, ಹಳೆಯ ಪೆಟ್ಟಿಗೆ ಸೇಡು ತೀರಿಸಿಕೊಳ್ಳುವ ಕಾರಣವೂ ಇಲ್ಲದಿದ್ದರೂ, ಕೇವಲ ತನ್ನ ಸುಖಕ್ಕಾಗಿ ಇನ್ನೊಬ್ಬನಿಗೆ ಅವಮಾನವಾಗುವಂತೆ ಮಾಡುವುದು ಅಥವಾ ಆಡುವುದು ಎಂದು ಅರಿಸ್ಟಾಟಲ್ ಇದನ್ನು ವಿವರಿಸಿದ್ದಾನೆ. ಹೀಗಿರುವಾಗ ‘ಅಹಂಕಾರ’ ಎನ್ನುವುದು ಹೇಗೆ ಸರಿಹೊಂದೀತು? ಅದು ಸಾಂಖ್ಯ ದರ್ಶನದ ಒಂದು ತತ್ತ್ವದ ಹೆಸರು. ‘ನಾನು’ ಎಂಬ ಭಾವ ಒಬ್ಬನೇ ಕುಳಿತಿರುವವನಲ್ಲೂ ಇರುತ್ತದೆ. ಹುಬ್ರಿಸ್‌ಗೆ ಎದುರಿಗೆ ಇನ್ನೊಬ್ಬ ಬೇಕು. ‘ಗರ್ವ’, ‘ಹಮ್ಮು’, ‘ಬಿಗುಮಾನ’ ಇವೂ ಒಳಗೇ ಉಳಿಯಬಲ್ಲವು. ಸೊಕ್ಕು ಹಾಗಲ್ಲ, ಅದು ಮಾತಿನಲ್ಲಿ, ನಡೆಯಲ್ಲಿ ಹೊರಬಿದ್ದಾಗಲೇ ನಾವು ಅದನ್ನು ಸೊಕ್ಕು ಎನ್ನುತ್ತೇವೆ.

ನನ್ನನ್ನು ಇದಕ್ಕಿಂತಲೂ ಹೆಚ್ಚು ಸೆಳೆದದ್ದು ಹುಟ್ಟಿನ ಸಾಮ್ಯ. ವಿವೇಕವಿಲ್ಲದವರಿಗೆ ಸಂಪತ್ತು ಅತಿಯಾಗಿ ಬಂದಾಗ ಅವರ ತುಂಬಿದ ಹೊಟ್ಟೆಯೇ ಹುಬ್ರಿಸ್ಸನ್ನು ಹೆರುತ್ತದೆ ಎಂಬ ಮಾತು ಅಥೆನ್ಸಿನ ಶಾಸನಕರ್ತ ಸೋಲೋನನ ಪದ್ಯದಲ್ಲಿದೆ. ಗ್ರೀಕರು ಅತಿ ಮೇವಿನಿಂದ ಹದ್ದು ಮೀರಿದ ಪ್ರಾಣಿಗಳಿಗೂ, ಬರಿಯ ಸೊಪ್ಪಾಗಿ ಬೆಳೆದ ಗಿಡಗಳಿಗೂ ಇದೇ ಪದವನ್ನು ಬಳಸುತ್ತಿದ್ದರು. ನಮ್ಮಲ್ಲಿಯೂ ‘ತಿಂದು ಸೊಕ್ಕಿದಾನೆ’ ಎನ್ನುವುದುಂಟು. ಗೊಬ್ಬರ ಹೆಚ್ಚಾಗಿ ಎತ್ತರಕ್ಕೆ ಎದ್ದ ಪೈರನ್ನು ‘ಸೊಕ್ಕಿ ಬೆಳೆದಿದೆ’ ಎನ್ನುವುದೂ ಉಂಟು. ದೂರದ ಎರಡು ಭಾಷೆಗಳು ಮನುಷ್ಯ, ದನ, ಪೈರು ಮೂರಕ್ಕೂ ಒಂದೇ ಮಾತನ್ನು ಹಿಡಿದಿರುವುದು ನನಗೆ ಬಹಳ ಬೆಲೆಯುಳ್ಳ ಸಾಕ್ಷ್ಯವಾಗಿ ಕಾಣುತ್ತದೆ. ‘ಕೊಬ್ಬು’ ಕೂಡ ಇದೇ ಜಾಡಿನದು, ಆದರೆ ರಂಗದ ಮೇಲೆ ಅದು ಬೈಗುಳವಾಗಿಯೇ ಕೇಳಿಸುತ್ತದೆ. ‘ಧಿಮಾಕು’ ಬೇಡ; ಮಿದುಳು ಎಂಬರ್ಥದ ಅರಬ್ಬಿ ಪದದಿಂದ ಬಂದ ಅದರ ದಾರಿಯೇ ಬೇರೆ.

ಬಿ.ಎಂ.ಶ್ರೀ. ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕದ ಮೂಲದಲ್ಲಿ, ಕಡಲಿಗೆ ಸೇತುವೆ ಕಟ್ಟಿ ಗ್ರೀಸಿನ ಮೇಲೆ ದಂಡೆತ್ತಿ ಹೋದ ತನ್ನ ಮಗನ ಬಗ್ಗೆ ಪರ್ಷಿಯಾದ ದೊರೆ ಡೇರಿಯಸನ ಪ್ರೇತವು, ಹುಬ್ರಿಸ್ ಹೂಬಿಟ್ಟು ಕೇಡಿನ ತೆನೆ ಕಟ್ಟಿತು, ಅದರಿಂದ ಕುಯ್ಯುವುದು ಕಣ್ಣೀರಿನ ಬೆಳೆ ಎಂಬರ್ಥದ ಮಾತನ್ನಾಡುತ್ತದೆ. ಇಲ್ಲಿ ‘ಅಹಂಕಾರ ಹೂಬಿಟ್ಟಿತು’ ಎಂದರೆ ರೂಪಕ ಬಾಡುತ್ತದೆ. ‘ಸೊಕ್ಕು ಹೂಬಿಟ್ಟಿತು’ ಎಂದರೆ ಹೊಲವೇ ಕಣ್ಣಿಗೆ ಬರುತ್ತದೆ.

ಪ್ರೇತರಾಜನ ಬಾಯಲ್ಲಿ ಸೊಕ್ಕು ತೀರ ಆಡುಮಾತಾಗುತ್ತದೆ ಎಂಬುದು ಬಳಗದ ಹಿರಿಯರೊಬ್ಬರ ಆಕ್ಷೇಪ. ಹಳಗನ್ನಡದಲ್ಲಿ ಅದು ‘ಸೊರ್ಕು’. ಮದವೇರಿದ ಆನೆಯನ್ನು ‘ಸೊಕ್ಕಾನೆ’ ಎನ್ನುತ್ತೇವೆ. ಕಾವ್ಯದ ಗಾಂಭೀರ್ಯವನ್ನು ಹೊರಬಲ್ಲ ಪದವದು ಎಂದೇ ನನ್ನ ಅಭಿಪ್ರಾಯ.

ತಿಳಿದವರಲ್ಲಿ ಎರಡು ಕೋರಿಕೆಗಳಿವೆ. ಶಿರಾ, ಮಧುಗಿರಿ, ಕೋಲಾರದ ಕಡೆಯ ರೈತರು ಕಾಳು ಕಟ್ಟದೆ ಬರಿಯ ಹುಲ್ಲಾಗಿ ಬೆಳೆದ ರಾಗಿಗೂ ‘ಸೊಕ್ಕು’ ಎಂಬ ಮಾತನ್ನೇ ಬಳಸುತ್ತಾರೆಯೇ, ಅಥವಾ ಅದಕ್ಕೆ ಬೇರೆ ಮಾತಿದೆಯೇ? ಹಳೆಯ ಕಾವ್ಯಗಳಲ್ಲಿ ‘ಸೊರ್ಕು’ ಪರರನ್ನು ಅವಮಾನಿಸುವ ಕೃತ್ಯಕ್ಕೆ ಬಳಕೆಯಾದ ಪ್ರಯೋಗಗಳಿದ್ದರೆ, ದಯವಿಟ್ಟು ಪದ್ಯಸಹಿತ ತಿಳಿಸಬೇಕು.